ಒಂದೇ ತಲೆ ನೋಡಿದರೆ ಸಾಲದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಲ್ಲಿ ಹೇನು ತೆಗೆಯುವುದು ಊಟ ಮುಗಿದ ಮೇಲಿನ ಕಟ್ಟೆಯ ಕೆಲಸ. "ಬಾ ಯವ್ವಾ, ತಲಿ ನೋಡ್ತೇನಿ" ಎಂದು ಆಯಿ ಮೊಮ್ಮಗಳನ್ನು ಮುಂದೆ ಕೂಡಿಸಿಕೊಳ್ಳುತ್ತಾಳೆ. ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಕೂದಲನ್ನು ಪಾಲು ಪಾಲಾಗಿ ಸೀಳಿ, ಸೀರಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆಯುತ್ತಾಳೆ. ತೊಡೆಯ ಮೇಲೆ ಹಾಸಿದ ಹಳೆಯ ಧೋತರದ ತುಂಡಿಗೆ ಹೇನು ಉದುರುತ್ತವೆ. ಹೆಬ್ಬೆರಳುಗಳ ಉಗುರಿನ ನಡುವೆ ಒಂದೊಂದೂ ಚಿಟ್ಟೆನ್ನುತ್ತದೆ. ಕಿವಿಯ ಹಿಂದೆ, ಹೆಡಕಿನ ಮೇಲೆ ಅವಳ ಬೆರಳು ಹೆಚ್ಚು ಹೊತ್ತು ನಿಲ್ಲುತ್ತವೆ. ಹೇನು ಹೆಚ್ಚಾಗಿ ಸೇರಿಕೊಳ್ಳುವುದೂ ಅಲ್ಲಿಯೇ. ಪುಸ್ತಕ ಓದದ ಆ ಕೈಗೆ ಇರುವ ತಿಳಿವಳಿಕೆಯನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಎಣ್ಣೆಯಲ್ಲೋ ನೀರಿನಲ್ಲೋ ನೆನೆಸಿದ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ ಎಂದೇ ಇವತ್ತಿನ ವೈದ್ಯರೂ ಹೇಳುತ್ತಾರೆ.

ಇಷ್ಟು ಒಳ್ಳೆಯ ಪದ್ಧತಿ ಕೈಯಲ್ಲಿದ್ದೂ ಅದೇ ಹುಡುಗಿ ಹದಿನೈದು ದಿನಕ್ಕೆ ಮತ್ತೆ ತಲೆ ಕೆರೆದುಕೊಳ್ಳುತ್ತಾಳಲ್ಲ, ಯಾಕೆ? ಬಲಿತ ಹೆಣ್ಣು ಹೇನು ಸುಮಾರು ಒಂದು ತಿಂಗಳು ಬದುಕುತ್ತದೆ, ದಿನಕ್ಕೆ 6ರಿಂದ 8 ಮೊಟ್ಟೆ ಇಡುತ್ತದೆ. ಈ ಸೀರು ಕೂದಲಿಗೆ ಅಂಟಿನಂತೆ ಕಚ್ಚಿಕೊಂಡಿರುತ್ತದೆ. ನೀರಿಗೂ ಬಿಡದು, ಶಾಂಪೂವಿಗೂ ಬಿಡದು. ವಾರ, ಹತ್ತು ದಿನಕ್ಕೆ ಅದು ಒಡೆದು ಮರಿ ಹೊರಬರುತ್ತದೆ. ಆ ಮರಿ ಬೆಳೆದು ತಾನೇ ಮೊಟ್ಟೆ ಇಡಲು ಮತ್ತೆ ಹತ್ತು ದಿನ ಸಾಕು. ಆದ್ದರಿಂದ ರವಿವಾರ ಒಂದು ದಿನ ಪಟ್ಟಾಗಿ ಕೂತು ತೆಗೆದು ಬಿಟ್ಟುಬಿಟ್ಟರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ. ಮೂರು ದಿನಕ್ಕೊಮ್ಮೆಯಂತೆ ಎರಡು ಮೂರು ವಾರ ಬಾಚಬೇಕು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ನಡೆದು ಹೋಗುತ್ತದೆ. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಒಂದೇ ಕೌದಿಯಲ್ಲಿ ಮಲಗುವ ಅಕ್ಕತಂಗಿಯರು, ಒಂದೇ ಪುಸ್ತಕದ ಮೇಲೆ ಬಾಗುವ ಗೆಳತಿಯರು, ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಆಯಿ ಎಲ್ಲರ ತಲೆಯೂ ಇದರಲ್ಲಿ ಪಾಲುದಾರ. ನಾವು ನೋಡುವುದು ಮಾತ್ರ ಕೆರೆದುಕೊಳ್ಳುವವಳ ತಲೆಯನ್ನು. ಬೈಯುವುದೂ ಅವಳನ್ನೇ. ಹೊಲಸಿಗೂ ಹೇನಿಗೂ ಸಂಬಂಧವಿಲ್ಲ. ದಿನಾ ಎರೆದುಕೊಂಡ ತಲೆಯಲ್ಲೂ ಹೇನು ಸುಖವಾಗಿರುತ್ತದೆ. ತಲೆಹೇನಿನಿಂದ ರೋಗ ಹರಡುವುದಿಲ್ಲ. ಆದರೂ ತರಗತಿಯಲ್ಲಿ ಹುಡುಗಿಯನ್ನು ಬೇರೆ ಕೂಡಿಸುವುದು, ಮನೆಗೆ ಕಳಿಸುವುದು ನಡೆದೇ ಇದೆ. ಹೇನಿನ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಶಾಲೆಗಳಿಗೂ ಆ ಮಾತು ಬೇಕು.

ಔಷಧದ ವಿಷಯಕ್ಕೆ ಬಂದರೆ ನನ್ನ ಮಾತು ಕಟುವಾಗುತ್ತದೆ. ಚಿಮಣಿ ಎಣ್ಣಿ ಸುರಿದು ಒಲೆಯ ಹತ್ತಿರ ಕೂತ ಮಗುವಿಗೆ ಒಂದು ಕಿಡಿ ಸಾಕು. ಸೀತಾಫಲದ ಬೀಜದ ಪುಡಿಯನ್ನು ಗಿಡಮೂಲಿಕೆ ಎಂದು ನಂಬಿ ಹಚ್ಚುತ್ತಾರೆ. ಅದು ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪೊರೆ ಸುಡುತ್ತದೆ, ಅಂಥ ಪ್ರಕರಣಗಳನ್ನು ನೇತ್ರತಜ್ಞರು ದಾಖಲಿಸಿದ್ದಾರೆ. ಎಲ್ಲಕ್ಕೂ ಭಯಂಕರವಾದದ್ದು ಹತ್ತಿಗೆ ಹೊಡೆಯುವ ಎಣ್ಣಿ. ಎರೆಹೊಲದ ನಾಡು ನಮ್ಮದು, ಬಾಟಲಿಯ ತಳದಲ್ಲಿ ಎಣ್ಣಿ ಉಳಿದಿರುತ್ತದೆ, ಹುಳ ಸಾಯಿಸುವುದು ಹೇನನ್ನೂ ಸಾಯಿಸೀತು ಎನಿಸುತ್ತದೆ. ತಲೆಯ ಚರ್ಮ ಆ ವಿಷವನ್ನು ಹೀರುತ್ತದೆ, ಮಗುವಿನ ಉಸಿರೇ ನಿಲ್ಲಬಹುದು. ಮೆಡಿಕಲ್ ಅಂಗಡಿಯಲ್ಲಿ ಶೇ 1ರ ಪರ್ಮೆಥ್ರಿನ್ ಲೋಷನ್ ಸಿಗುತ್ತದೆ. ತೊಳೆದು ಒರೆಸಿದ ಕೂದಲಿಗೆ ಹಚ್ಚಿ 10 ನಿಮಿಷಕ್ಕೆ ತೊಳೆಯಬೇಕು. ಸೀರು ಪೂರ್ತಿ ಸಾಯದಿರುವುದರಿಂದ 9ನೇ ದಿನ ಮತ್ತೊಮ್ಮೆ ಹಚ್ಚಬೇಕು. ಎಳೆಗೂಸಿಗೆ, ಬಸುರಿಗೆ ಹಚ್ಚುವ ಮೊದಲು ವೈದ್ಯರನ್ನು ಕೇಳಬೇಕು.

ಸವದತ್ತಿ ಗುಡ್ಡದ ದೇವಿ ಎಲ್ಲಮ್ಮನ ಮಾತು ಆಡದೆ ಈ ಬರಹ ಮುಗಿಯದು. ಹಣಿಗೆ ಕಾಣದ ಕೂದಲು ಎಣ್ಣೆ, ಬೆವರು, ಧೂಳಿನಿಂದ ಗಂಟುಗಟ್ಟುತ್ತದೆ. ಹೇನಿನ ಕೆರೆತ, ಕೀವು ಸೇರಿದರೆ ಗಂಟು ಇನ್ನೂ ಬಿಗಿಯುತ್ತದೆ. ಅದನ್ನು ಎಲ್ಲಮ್ಮ ಕೊಟ್ಟ ಜಡೆ ಎಂದು ನಂಬಿದ ಕುಟುಂಬಗಳು ಆಮೇಲೆ ಅದಕ್ಕೆ ಕತ್ತರಿ ಮುಟ್ಟಿಸುವುದಿಲ್ಲ, ಭಂಡಾರ ಹಚ್ಚುತ್ತವೆ. ಜಡೆ ಬಂದಿದೆಯೆಂಬ ಒಂದೇ ಕಾರಣಕ್ಕೆ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ಅವರನ್ನು ದೇವದಾಸಿಯರನ್ನಾಗಿ ಮಾಡಿದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಆದದ್ದು 1982ರಲ್ಲಿ. ಕಾಯ್ದೆ ಮುತ್ತನ್ನು ತಡೆಯಬಹುದು, ಜಡೆಯ ಭಯವನ್ನು ತೆಗೆಯಲಾರದು. ಇದೇ ಭಯ ಪೋಲೆಂಡಿನಲ್ಲೂ ಇತ್ತು: ಗಂಟು ಕತ್ತರಿಸಿದರೆ ರೋಗ ಒಳಗೆ ಇಳಿಯುತ್ತದೆಂದು ರೈತರು ನಂಬಿದ್ದರು. 19ನೇ ಶತಮಾನದಲ್ಲಿ ಕ್ರಾಕೋವ್‌ನ ವೈದ್ಯ ಯೂಜೆಫ್ ಡೀಟ್ಲ್ ಅದರ ವಿರುದ್ಧ ಹೋರಾಡಿದರು. ನೆರೆಯ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಮನೆಮನೆಗೆ ಹೋಗಿ, ಹೆಣ್ಣುಮಕ್ಕಳ ಮನವೊಲಿಸಿ ಜಡೆ ತೆಗೆಸುತ್ತಿದ್ದಾರೆ. ಭಕ್ತಿಯನ್ನು ಹೀಯಾಳಿಸದೆ ನಮ್ಮಲ್ಲೂ ಆ ಕೆಲಸ ಆಗಬೇಕು. ಹುಡುಗಿಯ ಕೂದಲಲ್ಲಿ ಮೊದಲ ಗಂಟು ಕಂಡ ದಿನವೇ ಆಯಿಯ ಸೀರಣಿಗೆ ಅಲ್ಲಿಗೆ ಮುಟ್ಟಿದ್ದರೆ ಎಷ್ಟು ಬಾಳು ಉಳಿಯುತ್ತಿದ್ದವು!

ಹೊಟ್ಟೆಯ ಹುಳುವಿಗೆ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವಿದೆ, ಫೆಬ್ರುವರಿ 10 ಮತ್ತು ಆಗಸ್ಟ್ 10. ಆ ದಿನ ಎಲ್ಲ ಮಕ್ಕಳಿಗೂ ಒಟ್ಟಿಗೆ ಮಾತ್ರೆ ಕೊಡುತ್ತಾರೆ, ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ ಉಪಯೋಗವಿಲ್ಲವೆಂದು. ತಲೆಗೂ ಅದೇ ನ್ಯಾಯ ಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಚಕ್ಕಡಿಯಲ್ಲಿ, ಬಯಲಲ್ಲಿ ತಲೆಗೆ ತಲೆ ತಾಗಿಸಿ ಮಲಗಿ ಬರುತ್ತಾರೆ. ಜಾತ್ರೆ ಮುಗಿದ ಮೊದಲ ರವಿವಾರ ಇಡೀ ಓಣಿಯ ತಲೆಗಳನ್ನು ನೋಡೋಣ, ಗಂಡುಹುಡುಗರನ್ನೂ ಬಿಡದೆ. ಮುಂದಿನ ಎರಡು ರವಿವಾರವೂ ನೋಡೋಣ. ಶಾಲೆಯ ಎಸ್‌ಡಿಎಂಸಿಯವರು, ಆಶಾ ಕಾರ್ಯಕರ್ತೆಯರು ಮುಂದಾಗಿ ಒಂದು ಊರಿನಲ್ಲಾದರೂ ಇದನ್ನು ಮಾಡಿ ತೋರಿಸಲಿ.