ಗಾಲಿಕುರ್ಚಿಯ ಅಣ್ಣ, ಈಟಿಯ ತಮ್ಮ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾದಂಬರಿ ಸರಣಿಯಲ್ಲಿ ರಾಜರಿಗೇನೂ ಬರವಿಲ್ಲ. ನನ್ನನ್ನು ಹೆಚ್ಚು ಕಾಡಿದವನು ಮಾತ್ರ ಡೋರ್ನ್ ನಾಡಿನ ಪ್ರಭು ಡೋರನ್ ಮಾರ್ಟೆಲ್. ಗೌಟ್ ಬೇನೆಯಿಂದ ಕಾಲು ಊದಿ ಗಾಲಿಕುರ್ಚಿ ಹಿಡಿದ ಅವನು, ಉದ್ಯಾನದ ಕೊಳಗಳಲ್ಲಿ ಆಡುವ ಮಕ್ಕಳನ್ನು ನೋಡುತ್ತ ಕೂತಿರುತ್ತಾನೆ. ತಮ್ಮ ಓಬೆರಿನ್ ತದ್ವಿರುದ್ಧ. ಮಾತಿಗಿಂತ ಮೊದಲು ಈಟಿ ಎತ್ತುವವನು. ಸೋದರಿ ಎಲಿಯಾ ಮತ್ತು ಅವಳ ಎಳೆಮಕ್ಕಳ ಕೊಲೆ ಇಬ್ಬರಿಗೂ ಆರದ ಗಾಯ.

ಧರ್ಮರಾಯ-ಭೀಮರ ವಾಗ್ವಾದ ಕೇಳಿ ಬೆಳೆದ ನಮಗೆ ಇಂಥ ಜೋಡಿ ಹೊಸದಲ್ಲ. ಮಾರ್ಟಿನ್ ಅದನ್ನು ಬಿಡಿಸುವ ಬಗೆ ಹೊಸದು. 2000ರ 'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್'ನಲ್ಲಿ ಓಬೆರಿನ್ ದ್ವಂದ್ವಯುದ್ಧದಲ್ಲಿ ಎಲಿಯಾಳ ಹಂತಕ ಗ್ರೆಗರ್ ಕ್ಲೀಗೇನ್‌ನನ್ನು ನೆಲಕ್ಕೆ ಕೆಡವುತ್ತಾನೆ. ಅಲ್ಲಿಗೆ ಮುಗಿಸಬಹುದಿತ್ತು. ತಪ್ಪೊಪ್ಪಿಗೆ ಕೇಳಲೇಬೇಕೆಂಬ ಹಟಕ್ಕೆ ಬಿದ್ದು ತಾನೇ ಸಾಯುತ್ತಾನೆ. ಅವನ ಹೆಣ್ಣುಮಕ್ಕಳು ಸೇಡಿಗೆ ಪಟ್ಟು ಹಿಡಿದರೆ ಡೋರನ್ ಅವರನ್ನೇ ಸೆರೆಗೆ ತಳ್ಳುತ್ತಾನೆ. ಇವನು ಹೇಡಿಯೇ ಸರಿ ಎಂದು ಓದುಗ ಅಂದುಕೊಂಡಿರುವಾಗ, 2005ರ 'ಎ ಫೀಸ್ಟ್ ಫಾರ್ ಕ್ರೋಸ್'ನಲ್ಲಿ ಗುಟ್ಟು ರಟ್ಟಾಗುತ್ತದೆ: ದೇಶಭ್ರಷ್ಟ ರಾಜಕುಮಾರ ವಿಸೇರಿಸ್‌ಗೆ ಮಗಳನ್ನು ಕೊಟ್ಟು ಶತ್ರುಗಳನ್ನು ಬುಡಸಮೇತ ಕೀಳಲು ಅವನು ವರ್ಷಗಳಿಂದ ಹೊಂಚು ಹಾಕಿದ್ದ. ಮುಂದಿನ ಸಂಪುಟದಲ್ಲಿ ಇನ್ನೊಂದು ಸಂಗತಿ ತಿಳಿಯುತ್ತದೆ. ಆ ಒಪ್ಪಂದಕ್ಕೆ ಡೋರ್ನ್ ಪರವಾಗಿ ಸಹಿ ಹಾಕಿದವನು ದುಡುಕಿನ ಓಬೆರಿನ್ನೇ! ತಣ್ಣನೆಯ ಅಣ್ಣ, ಬಿಸಿರಕ್ತದ ತಮ್ಮ ಎಂದು ನಾವು ಎಳೆದಿದ್ದ ಗೆರೆ ಅಳಿಸಿಹೋಗುತ್ತದೆ. ಡೋರನ್‌ನದು ವೈರಾಗ್ಯವಲ್ಲ, ಅದುಮಿಟ್ಟ ಸಿಟ್ಟು.

ಹಾಗೆಂದು ಮಾರ್ಟಿನ್ ತಾಳ್ಮೆಯ ಪಕ್ಷ ವಹಿಸುವುದಿಲ್ಲ. ವಿಸೇರಿಸ್ 1996ರ ಮೊದಲ ಸಂಪುಟದಲ್ಲೇ ತಲೆಯ ಮೇಲೆ ಕಾದ ಚಿನ್ನ ಸುರಿಸಿಕೊಂಡು ಸತ್ತಿದ್ದಾನೆ. ಯೋಜನೆ ಬದಲಿಸಿ ಕಳಿಸಿದ ಮಗ ಕ್ವೆಂಟಿನ್ ಡ್ರ್ಯಾಗನ್ನಿನ ಬೆಂಕಿಗೆ ಆಹುತಿಯಾಗುತ್ತಾನೆ. ಆತುರ ತಮ್ಮನನ್ನು ಕೊಂದಂತೆ ವಿಳಂಬ ಮಗನನ್ನು ಕೊಲ್ಲುತ್ತದೆ. ಲೇಖಕರು ಡೋರನ್‌ನ ಮನಸ್ಸಿನೊಳಕ್ಕೆ ಒಮ್ಮೆಯೂ ನಮ್ಮನ್ನು ಬಿಡದೆ, ಕಾವಲು ದಳಪತಿಯ ಮತ್ತು ಮಗಳ ಕಣ್ಣಿನಿಂದಷ್ಟೇ ತೋರಿಸುವುದು ಜಾಣತನ. ಆದರೆ ಗುಟ್ಟನ್ನು ತೀರಾ ಕೊನೆಯವರೆಗೆ ಹಿಡಿದಿಟ್ಟದ್ದರಿಂದ ಡೋರ್ನ್ ಅಧ್ಯಾಯಗಳು ತೆವಳುತ್ತವೆ ಎಂಬುದೂ ನಿಜ.

ಟಿವಿ ರೂಪಾಂತರ 'ಗೇಮ್ ಆಫ್ ಥ್ರೋನ್ಸ್' ಎಡವಿದ್ದು ಇಲ್ಲೇ. ಪೆಡ್ರೊ ಪಾಸ್ಕಲ್‌ನ ಓಬೆರಿನ್ 2014ರಲ್ಲಿ ಪರದೆ ತುಂಬಿಕೊಂಡ. ಅಲೆಕ್ಸಾಂಡರ್ ಸಿದ್ದಿಗ್‌ನಂಥ ನಟನಿಗೆ ಡೋರನ್ ಪಾತ್ರ ಕೊಟ್ಟು, ಒಪ್ಪಂದದ ಕಥೆಯನ್ನೇ ಕಿತ್ತುಹಾಕಿ, 2016ರ ಆರನೇ ಸೀಸನ್ನಿನ ಮೊದಲ ಕಂತಿನಲ್ಲಿ ಚೂರಿಯಿಂದ ಇರಿಸಿ ಮುಗಿಸಿದರು. ಗುಟ್ಟಿಲ್ಲದ ಡೋರನ್ ಬರೀ ಸುಮ್ಮನೆ ಕೂತ ಮನುಷ್ಯ. ಧಾರಾವಾಹಿಯಷ್ಟೇ ನೋಡಿ ಅವನನ್ನು ಸಪ್ಪೆ ಎಂದು ತಳ್ಳಿಹಾಕಿದವರು ದಯವಿಟ್ಟು ಕಾದಂಬರಿಯ ಡೋರ್ನ್ ಅಧ್ಯಾಯಗಳನ್ನು ಓದಿ ನೋಡಲಿ.