ಬಹುಮತದ ಅಹಂಕಾರ

ಬಣಕಲ್ ಸೇರಿದ್ದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿತು. ತುರ್ತುಪರಿಸ್ಥಿತಿಯ 21 ತಿಂಗಳು ವಿರೋಧಿಗಳನ್ನು ಜೈಲಿಗಟ್ಟಿ, ಪತ್ರಿಕೆಗಳ ಬಾಯಿ ಕಟ್ಟಿದವರಿಗೆ ಮಲೆನಾಡಿನ ಬಡವರು ಮತ ಹಾಕಿದರೆಂದು ಮೂಗು ಮುರಿಯುವವರಿದ್ದಾರೆ. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಸಿಗುತ್ತಿದ್ದ ಕಾಲವದು. ಆ ಕೃತಜ್ಞತೆಯನ್ನು ನಾವು ಮೂರ್ಖತನ ಎನ್ನಲಾರೆವು. ಹಾಗೆಂದು, ಅನ್ನ ಕೊಟ್ಟವರಿಗೆ ಬಾಯಿ ಮುಚ್ಚಿಸುವ ಹಕ್ಕಿದೆಯೆಂದೂ ಒಪ್ಪಲಾರೆವು.

ಮುಂದೆ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪ್ರಜಾಪ್ರಭುತ್ವವನ್ನು ಮರಳಿ ತಂದೆವೆಂದು ಹೆಮ್ಮೆಪಡುತ್ತಿದ್ದ ಜನತಾ ಪಕ್ಷದ ಬಹುಮತವೇ ಅದೇ ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಅವರನ್ನು ಲೋಕಸಭೆಯಿಂದ ಉಚ್ಚಾಟಿಸಿ ಜೈಲಿಗೆ ಕಳಿಸಿತು. ತಪ್ಪಿಗೆ ಶಿಕ್ಷೆ ಬೇಡವೆಂದಲ್ಲ. ಆದರೆ ಚಿಕ್ಕಮಗಳೂರಿನ ಮತದಾರರ ತೀರ್ಪಿಗೆ ಎರಡು ತಿಂಗಳ ಆಯುಸ್ಸೂ ಇರಲಿಲ್ಲ. 1981ರಲ್ಲಿ ಲೋಕಸಭೆ ಆ ನಿರ್ಣಯವನ್ನು ರದ್ದುಪಡಿಸಿತು. ಆಗ ಬಹುಮತ ಇಂದಿರಾ ಅವರದಾಗಿತ್ತು!

ಏಕಪಕ್ಷ ಆಡಳಿತಕ್ಕೆ ದೇಶದಲ್ಲಿ ಒಂದೇ ಪಕ್ಷವಿರಬೇಕೆಂದಿಲ್ಲ. ಗೆದ್ದವರು ತಮ್ಮ ಪಕ್ಷವನ್ನೇ ದೇಶವೆಂದು ಭಾವಿಸಿದರೆ ಸಾಕು. ಸೋತವರ ಮಾತಿಗೆ ಜಾಗವಿದೆಯೇ ಎಂದು ನಾವು ಕೇಳುತ್ತಲೇ ಇರಬೇಕು. ನಮ್ಮವರೇ ಗೆದ್ದಾಗಲಂತೂ ಕೇಳಲೇಬೇಕು.