ಹಾಕಿ ಬರುವುದು, ಹೋಗಿ ಬರುವುದು

‘ಮಗುವನ್ನು ಶಾಲೆಗೆ ಹಾಕಿದೆವು’ ಎನ್ನುತ್ತೇವೆ. ‘ಅಪ್ಪನನ್ನು ಆಶ್ರಮಕ್ಕೆ ಹಾಕಿದರಂತೆ’ ಎಂದೂ ಅನ್ನುತ್ತೇವೆ. ಕ್ರಿಯಾಪದ ಒಂದೇ. ಮೊದಲನೆಯ ಮಾತಿನ ಹಿಂದೆ ಎಷ್ಟೊಂದು ಓಡಾಟವಿರುತ್ತದೆ! ನಾಲ್ಕು ಶಾಲೆ ಸುತ್ತಿರುತ್ತೇವೆ. ಟೀಚರು ಹೇಗೆ, ತರಗತಿಯಲ್ಲಿ ಎಷ್ಟು ಮಕ್ಕಳು, ಶೌಚಾಲಯ ಚೊಕ್ಕಟವಾಗಿದೆಯೇ ಎಂದು ವಿಚಾರಿಸಿರುತ್ತೇವೆ. ನೆಂಟರು, ನೆರೆಯವರು ಎಲ್ಲರ ಸಲಹೆ ಕೇಳಿರುತ್ತೇವೆ. ಎರಡನೆಯ ಮಾತನ್ನು ಮಾತ್ರ ದನಿ ತಗ್ಗಿಸಿ, ಬೇರೆಯವರ ಮನೆಯ ಸುದ್ದಿಯಾಗಿ ಆಡುತ್ತೇವೆ. ಗುಜರಾತಿಯಲ್ಲಿ ಈ ಮಾತು ಇನ್ನಷ್ಟು ಚುಚ್ಚುತ್ತದೆ: ‘ಘರಡಾಘರ್‌ಮಾಂ ಮೂಕೀ ಆವ್ಯಾ’. ಮುದುಕರ ಮನೆಯಲ್ಲಿ ಇಟ್ಟು ಬಂದರು ಎಂದರ್ಥ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬೇರುಬಿಟ್ಟ ಕನ್ನಡ ಕುಟುಂಬಗಳಿಗೆ ಈ ಎರಡೂ ಭಾಷೆಗಳ ಲೋಕಾಪವಾದ ಒಟ್ಟಿಗೆ ತಟ್ಟುತ್ತದೆ.

ಮರೆವಿನ ಕಾಯಿಲೆಯ ಹಿರಿಯರನ್ನು ಆರೈಕೆ ಮನೆಗೆ ಸೇರಿಸುವುದು ಪಾಪ, ಒಳ್ಳೆಯ ಮನೆತನದವರು ಹಾಗೆ ಮಾಡುವುದಿಲ್ಲ ಎಂಬ ನಂಬಿಕೆ ಹಿರಿಯರಿಗೆ ರಕ್ಷೆ ಎಂದು ನಾವು ತಿಳಿದಿದ್ದೇವೆ. ನನಗೆ ಕಾಣುವುದು ಬೇರೆ. ಆ ಹಿರಿಯರು ಕೆಟ್ಟ ಆರೈಕೆಯ ಪಾಲಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಈ ನಂಬಿಕೆಯೂ ಒಂದು. ನಾಚಿಕೊಂಡು ಮಾಡುವ ಕೆಲಸವನ್ನು ಯಾರೂ ನಾಲ್ಕು ಕಡೆ ವಿಚಾರಿಸಿ ಮಾಡುವುದಿಲ್ಲ. ಆಗುವಷ್ಟು ದಿನ ಮುಂದೂಡುತ್ತಾರೆ. ಕೊನೆಗೊಮ್ಮೆ ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ, ಆಸ್ಪತ್ರೆಯವರು ನಾಳೆ ಡಿಸ್ಚಾರ್ಜ್ ಎಂದಾಗ, ರಾತ್ರೋರಾತ್ರಿ ಯಾರೋ ಹೇಳಿದ ಯಾವುದೋ ವಿಳಾಸಕ್ಕೆ ಕರೆದೊಯ್ಯುತ್ತಾರೆ. ಊರಿನವರಿಗೆ ತಿಳಿಯದಿರಲೆಂದು ಆಮೇಲೆ ಹೋಗಿ ನೋಡುವುದೂ ಕಡಿಮೆಯಾಗುತ್ತದೆ. ಯಾರೂ ಬಂದು ನೋಡದ ಮನೆ ಎಷ್ಟು ದಿನ ಒಳ್ಳೆಯ ಮನೆಯಾಗಿ ಉಳಿದೀತು?

ತಡಮಾಡುವುದಕ್ಕೆ ನಮ್ಮ ಗಾದೆಯೂ ಒತ್ತಾಸೆಯಾಗಿ ನಿಂತಿದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ನಾವಂದರೆ, ‘ಸಾಠೇ ಬುದ್ಧಿ ನಾಠೀ’, ಅರವತ್ತಕ್ಕೆ ಬುದ್ಧಿ ಓಡಿಹೋಯಿತು ಎಂದು ಗುಜರಾತಿಗಳು ಅನ್ನುತ್ತಾರೆ. ಎರಡೂ ಗಾದೆಗಳು ರೋಗವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತವೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ‘ಲಾಸಿ–ಡ್ಯಾಡ್’ ಅಧ್ಯಯನದ ಅಂದಾಜಿನಂತೆ ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇದೆ. ಅಷ್ಟು ಜನರಿಗೆ ಇದೆ ಎಂಬುದು ದೊಡ್ಡ ಸಂಗತಿ. ನೂರಕ್ಕೆ ತೊಂಬತ್ತೆರಡು ಹಿರಿಯರಿಗೆ ಇಲ್ಲ ಎಂಬುದೂ ಅಷ್ಟೇ ದೊಡ್ಡ ಸಂಗತಿ. ಅಂದಮೇಲೆ ಇದು ವಯಸ್ಸಿನ ಸಹಜ ಫಲವಲ್ಲ; ಮಿದುಳಿನ ಕಾಯಿಲೆ. ಬೇಗ ಗುರುತಿಸಿದರೆ ಅಪ್ಪ ಇನ್ನೂ ತಾನೇ ಮಾತಾಡಬಲ್ಲ ಹಂತದಲ್ಲಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎರಡು ಹಕ್ಕುಗಳನ್ನು ಕೊಟ್ಟಿದೆ: ಮುಂದೆ ತನಗೆ ತೀರ್ಮಾನಿಸುವ ಶಕ್ತಿ ಇಲ್ಲವಾದಾಗ ಚಿಕಿತ್ಸೆ ಹೇಗಿರಬೇಕು ಎಂದು ಮೊದಲೇ ಬರೆದಿಡುವುದು, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಹೆಸರಿಸುವುದು. ಗಾದೆಯನ್ನು ನಂಬಿ ಮೂರು ವರ್ಷ ಸುಮ್ಮನಿದ್ದ ಕುಟುಂಬ ಈ ಹಕ್ಕುಗಳನ್ನು ಅಪ್ಪನಿಂದ ತಾನೇ ಕಿತ್ತುಕೊಂಡಂತಾಗುತ್ತದೆ.

‘ಏನೇ ಆಗಲಿ, ಮನೆಗಿಂತ ಬೇರೆ ಇಲ್ಲ’ ಎನ್ನುವವರ ಮಾತಿಗೆ ತೂಕವಿದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ, ಕೈಜೋಡಿಸುವ ನಾಲ್ಕು ಜನರಿದ್ದರೆ, ಮನೆಯೇ ಮೇಲು. ಆದರೆ ಈ ಮಾತಾಡುವವರು ‘ಮನೆ’ ಎಂದಾಗ ಸಾಮಾನ್ಯವಾಗಿ ಒಬ್ಬ ಹೆಂಗಸನ್ನು ಹೇಳುತ್ತಿರುತ್ತಾರೆ: ಸೊಸೆ, ಮಗಳು, ಇಲ್ಲವೇ ತಾನೂ ಎಪ್ಪತ್ತು ದಾಟಿದ ಹೆಂಡತಿ. ರಾತ್ರಿ ಮೂರು ಸಲ ಎದ್ದು ಬಾಗಿಲ ಚಿಲಕ ತೆಗೆಯುವವರನ್ನು ಮತ್ತೆ ಮಲಗಿಸಿ, ಬೆಳಿಗ್ಗೆ ಬಟ್ಟೆ ಬದಲಿಸಲು ಹೋಗಿ ಏಟು ತಿಂದು, ‘ನೀನ್ಯಾರು, ನನ್ನ ದುಡ್ಡು ಕದ್ದವಳು’ ಎನ್ನಿಸಿಕೊಂಡು, ಮಧ್ಯಾಹ್ನ ನೆಂಟರಿಗೆ ನಗುತ್ತಾ ಚಹಾ ಕೊಡುವವಳು ಅವಳು. ಪಿತೃಭಕ್ತಿಯ ಕೀರ್ತಿ ಮಗನಿಗೆ ಸಲ್ಲುತ್ತದೆ.

ಇಂಥಲ್ಲಿ ಶ್ರವಣಕುಮಾರನ ಹೆಸರು ಬಂದೇ ಬರುತ್ತದೆ. ಆ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ನೀರು ತರಲು ಹೋದ ಮಗನಿಗೆ ಬಾಣ ತಾಗಿತು. ಅವನು ಸತ್ತ ಮೇಲೆ ತಂದೆತಾಯಿಯೂ ಉಳಿಯಲಿಲ್ಲ. ಎರಡು ಜೀವಗಳ ಭಾರವೆಲ್ಲ ಒಂದೇ ಹೆಗಲ ಮೇಲಿದ್ದರೆ ಆ ಹೆಗಲು ಕುಸಿದ ದಿನ ಮೂವರೂ ಹೋಗುತ್ತಾರೆ. ಭಕ್ತಿಯ ಕಥೆಯಾಗಿ ಕೇಳಿದ್ದನ್ನು ಎಚ್ಚರಿಕೆಯ ಕಥೆಯಾಗಿಯೂ ಕೇಳಬೇಕು.

ಮತ್ತೊಂದು ಮಾತು. ಈ ಕಾಯಿಲೆಯವರನ್ನು ನೋಡಿಕೊಂಡವರಿಗೆಲ್ಲ ಗೊತ್ತು: ಮೂವತ್ತು ವರ್ಷ ಬಾಳಿದ ಸ್ವಂತ ಮನೆಯ ಪಡಸಾಲೆಯಲ್ಲೇ ಕೂತು ಅಮ್ಮ ‘ಮನೆಗೆ ಹೋಗೋಣ, ಹೊತ್ತಾಯಿತು’ ಎನ್ನುತ್ತಾರೆ. ಅವರು ಹುಡುಕುವ ಮನೆಗೆ ವಿಳಾಸವಿಲ್ಲ. ಪರಿಚಿತವಾದ ದನಿ, ಹೆದರಿಸದ ಕೈ, ಹೊತ್ತಿಗೆ ಸರಿಯಾದ ಊಟ ಎಲ್ಲಿದೆಯೋ ಅಲ್ಲಿ ಆ ಹುಡುಕಾಟ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದು ಸ್ವಂತ ಮನೆಯಲ್ಲಿ ಸಿಗದೆ ಬೇರೆಡೆ ಸಿಗುವ ಕಾಲವೂ ಬರಬಹುದು. ಹಾಗೆ ಬಂದಾಗ ಹೋಗುವುದು ಪಾಪವಾಗುವುದಿಲ್ಲ.

ಇನ್ನು ಆಯ್ಕೆಯ ಮಾತು. ಇಲ್ಲಿ ಎರಡನೆಯ ಜನಪ್ರಿಯ ನಂಬಿಕೆ ಎದುರಾಗುತ್ತದೆ: ಹೊಸ ಕಟ್ಟಡ, ಹೊಳೆಯುವ ನೆಲ, ಮೂಲೆಮೂಲೆಗೆ ಸಿಸಿಟಿವಿ, ಗೇಟಿಗೆ ಕಾವಲು ಇದ್ದರೆ ಅದು ಒಳ್ಳೆಯ ಜಾಗ. ತಪ್ಪಿತಸ್ಥ ಮನಸ್ಸಿಗೆ ಇದು ಬೇಗ ಸಮಾಧಾನ ಕೊಡುತ್ತದೆ. ‘ನೋಡಿ, ಎಷ್ಟು ಚೆನ್ನಾಗಿದೆ’ ಎಂದು ಅಣ್ಣತಮ್ಮಂದಿರಿಗೆ ಫೋಟೊ ಕಳಿಸಬಹುದು. ಮರೆವಿನವರಿಗೆ ಹೊಳೆಯುವ ನೆಲ ನೀರು ನಿಂತ ಹಾಗೆ ಕಂಡು ಕಾಲಿಡಲು ಹೆದರಿಕೆಯಾಗಬಹುದು. ಕ್ಯಾಮೆರಾ ಬಿದ್ದದ್ದನ್ನು ತೋರಿಸುತ್ತದೆ, ಬೀಳುವ ಮುಂಚೆ ಹಿಡಿಯುವುದಿಲ್ಲ.

ಕಟ್ಟಡ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತೇವೆ. ಮ್ಯಾನೇಜರು ಇರುತ್ತಾರೆ, ಎಲ್ಲರ ತಲೆ ಬಾಚಿರುತ್ತದೆ. ಹೋಗಬೇಕಾದದ್ದು ಮುಸ್ಸಂಜೆಗೆ. ಬೆಳಕು ಇಳಿಯುವ ಹೊತ್ತಿನಲ್ಲಿ ಈ ಕಾಯಿಲೆಯ ಅನೇಕರಲ್ಲಿ ತಳಮಳ ಹೆಚ್ಚುತ್ತದೆ. ಎದ್ದು ತಿರುಗುತ್ತಾರೆ, ಅಳುತ್ತಾರೆ, ಬೈಯುತ್ತಾರೆ. ಅದೇ ಹೊತ್ತಿಗೆ ಹಗಲು ಪಾಳಿಯವರು ಹೊರಟು ರಾತ್ರಿ ಪಾಳಿಯವರು ಬರುತ್ತಿರುತ್ತಾರೆ. ಆಗ ಎಷ್ಟು ಕೈಗಳಿವೆ? ಆ ಆಯಾ ಇಲ್ಲಿಗೆ ಬಂದು ಎಷ್ಟು ತಿಂಗಳಾಯಿತು? ಅವಳಿಗೆ ಹೊತ್ತಿಗೆ ಸರಿಯಾಗಿ ಸಂಬಳ ಬರುತ್ತದೆಯೇ, ವಾರಕ್ಕೊಂದು ರಜೆ ಇದೆಯೇ? ಆಯಾ ಮೂರು ತಿಂಗಳಿಗೊಮ್ಮೆ ಬದಲಾಗುವ ಮನೆಯಲ್ಲಿ ಮರೆವಿನವರಿಗೆ ಪ್ರತಿ ಮೂರು ತಿಂಗಳಿಗೂ ಲೋಕವೇ ಅಪರಿಚಿತವಾಗುತ್ತದೆ. ನಾವು ಹಣ ಕೊಟ್ಟು ಪಡೆಯುವುದು ಆ ಕೈಗಳನ್ನು; ಕಟ್ಟಡ ಆ ಕೈಗಳಿಗೆ ಸೂರು ಮಾತ್ರ.

ಸಂಜೆ ಹೋದಾಗ ಎಲ್ಲರೂ ಸದ್ದಿಲ್ಲದೆ ಮಲಗಿದ್ದರೆ ನೆಮ್ಮದಿಪಡಬೇಡಿ. ಎಷ್ಟು ಜನರಿಗೆ ಮಂಪರಿನ ಮಾತ್ರೆ ಕೊಡುತ್ತೀರಿ, ಯಾವ ವೈದ್ಯರು ಬರೆದದ್ದು, ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತೀರಿ ಎಂದು ಕೇಳಿ. ಮನೋರೋಗಕ್ಕೆ ಕೊಡುವ ಆಂಟಿಸೈಕೋಟಿಕ್ ಔಷಧಗಳಿಂದ ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಅತ್ಯಂತ ಕಟುವಾದ ಎಚ್ಚರಿಕೆ ಹಾಕಿಸಿದರು. ಬ್ರಿಟನ್ನಿನಲ್ಲಿ 2009ರ ಸರ್ಕಾರಿ ವರದಿಯೊಂದು ಸುಮಾರು 1.8 ಲಕ್ಷ ಡಿಮೆನ್ಷಿಯಾ ರೋಗಿಗಳಿಗೆ ವರ್ಷಕ್ಕೆ ಈ ಔಷಧ ಕೊಡಲಾಗುತ್ತಿದೆ, ಅದರಿಂದ ಸುಮಾರು 1,800 ಹೆಚ್ಚುವರಿ ಸಾವುಗಳಾಗುತ್ತಿವೆ ಎಂದು ಲೆಕ್ಕ ಹಾಕಿತು. ಕೆಲವರಿಗೆ, ಕೆಲವು ಕಾಲ ಇವು ಬೇಕಾಗಬಹುದು. ಆದರೆ ಕೈಗಳ ಕೊರತೆಯನ್ನು ಮಾತ್ರೆಯಿಂದ ತುಂಬಿಸುವ ಮನೆಗೆ ಹೆತ್ತವರನ್ನು ಕಳಿಸಬಾರದು.

ಅಹಮದಾಬಾದ್, ವಡೋದರಾ, ಸೂರತ್‌ಗಳಿಗೇ ಸಲ್ಲುವ ಪ್ರಶ್ನೆಗಳೂ ಇವೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಲೆಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸತ್ತರು. ಅದರಿಂದ ಪಾಠ ಕಲಿತೇ ನಗರಪಾಲಿಕೆ 2013ರಲ್ಲಿ ಬಿಸಿಲು ಎದುರಿಸುವ ಯೋಜನೆ ರೂಪಿಸಿತು. 2016ರಲ್ಲಿ ಅಲ್ಲಿನ ಉಷ್ಣಾಂಶ 48 ಡಿಗ್ರಿ ಮುಟ್ಟಿತು. ಮರೆವಿನವರಲ್ಲಿ ಅನೇಕರು ಬಾಯಾರಿದೆ ಎಂದು ಹೇಳುವುದಿಲ್ಲ. ಕೆಲವರು ಕಡು ಬೇಸಿಗೆಯಲ್ಲೂ ಸ್ವೆಟರ್ ಹಾಕಿ ಕೂರುತ್ತಾರೆ. ಅವರ ಕೋಣೆ ತಾರಸಿಯ ಕೆಳಗಿನ ಕಡೆಯ ಮಹಡಿಯಲ್ಲಿದೆಯೇ? ಗಂಟೆಗೊಮ್ಮೆ ನೀರು ಕುಡಿಸುವವರು ಯಾರು? ಸೂರತ್ 2006ರ ಆಗಸ್ಟಿನಲ್ಲಿ ತಾಪಿ ನದಿಯ ನೆರೆಯಲ್ಲಿ ಮುಳುಗಿತು. ವಡೋದರಾ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿಯ ನೀರಿನಲ್ಲಿ ನಿಂತಿತು. ನೀರು ನೆಲಮಹಡಿಗೆ ಬಂದ ರಾತ್ರಿ, ಎಲ್ಲಿದ್ದೇವೆಂದು ತಿಳಿಯದ ಇಪ್ಪತ್ತು ಜನರನ್ನು ಯಾರು, ಎಲ್ಲಿಗೆ ಕರೆದೊಯ್ಯುತ್ತಾರೆ? ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲದ ಕಡೆ ಊಟದ ಪಟ್ಟಿ ಓದುತ್ತಾ ಕೂರುವುದು ವ್ಯರ್ಥ.

ಕನ್ನಡಿಗರಿಗೆ ಎಲ್ಲಕ್ಕಿಂತ ಕಠಿಣವಾದದ್ದು ಭಾಷೆಯ ಪ್ರಶ್ನೆ. ಕೊಯಲಿಯ ರಿಫೈನರಿಗೋ 1969ರಲ್ಲಿ ಹುಟ್ಟಿದ ಐಪಿಸಿಎಲ್ ಎಂಬ ಪೆಟ್ರೋಕೆಮಿಕಲ್ ಕಂಪನಿಗೋ ಕೆಲಸಕ್ಕೆಂದು ಧಾರವಾಡದಿಂದ ವಡೋದರಾಕ್ಕೆ ಬಂದ ಒಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಐವತ್ತು ವರ್ಷ ಕಚೇರಿಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಗುಜರಾತಿ, ಮನೆಯಲ್ಲಿ ಕನ್ನಡ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಹೇಳಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಈ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಬಹುಭಾಷೆಯ ಬಾಳು ಹೀಗೆ ಕೊಂಚ ಕಾಪಾಡುವಂತೆ ಕಾಣುತ್ತದೆ. ಆದರೆ ಕಾಯಿಲೆ ಬಂದಮೇಲೆ, ಆಮೇಲೆ ಕಲಿತ ಭಾಷೆಗಳು ಎಷ್ಟೋ ಜನರಲ್ಲಿ ಮೊದಲು ಸವೆಯುತ್ತವೆ. ಗುಜರಾತಿ ಹೋಗುತ್ತದೆ, ಇಂಗ್ಲಿಷು ಹೋಗುತ್ತದೆ, ಧಾರವಾಡದ ಕನ್ನಡ ಉಳಿಯುತ್ತದೆ. ‘ನೀರ್ ಕೊಡವಾ’ ಎಂದು ಅವರು ಕೇಳಿದಾಗ ದಾಹೋದ್ ಕಡೆಯಿಂದ ಆರೈಕೆ ಮನೆಯ ಕೆಲಸಕ್ಕೆ ಬಂದ ಹುಡುಗಿಗೆ ತಿಳಿಯುವುದಿಲ್ಲ. ಎರಡನೆಯ ಸಲ ಜೋರಾಗಿ ಕೇಳುತ್ತಾರೆ. ಮೂರನೆಯ ಸಲ ಲೋಟ ಎಸೆಯುತ್ತಾರೆ. ದಾಖಲೆಯಲ್ಲಿ ‘ಹಿಂಸಾಪ್ರವೃತ್ತಿ’ ಎಂದು ಬರೆಯಲಾಗುತ್ತದೆ, ಮಾತ್ರೆ ಶುರುವಾಗುತ್ತದೆ. ಆದದ್ದು ಇಷ್ಟೇ: ಒಬ್ಬರಿಗೆ ಬಾಯಾರಿತ್ತು.

‘ಹಾಗಾದರೆ ಬೆಂಗಳೂರಿಗೆ ಕರೆದುಕೊಂಡು ಹೋಗಿ’ ಎಂಬ ಸಲಹೆ ತಕ್ಷಣ ಬರುತ್ತದೆ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಗೆಂದೇ ಕೇಂದ್ರ ನಡೆಸುತ್ತಿದೆ, ನಿಮ್ಹಾನ್ಸ್ ಇದೆ, 2022ರಲ್ಲಿ ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಮಿದುಳು ಆರೋಗ್ಯದ ಕಾರ್ಯಕ್ರಮವನ್ನೂ ಕೈಗೆತ್ತಿಕೊಂಡಿತು. ಅಲ್ಲಿ ಒಡಹುಟ್ಟಿದವರೋ ಮಕ್ಕಳೋ ಇದ್ದರೆ ಈ ದಾರಿ ಸರಿ. ಯಾರೂ ಇಲ್ಲದಿದ್ದರೆ, ಭಾಷೆ ಸಿಗಲೆಂದು ಮಗನ ಮುಖವನ್ನು ಕಳೆದಂತಾಗುತ್ತದೆ. ವಾರಕ್ಕೆ ಮೂರು ಸಲ ಮಗಳು ಬಂದು ಹೋಗುವ ವಡೋದರಾದ ಸಾಧಾರಣ ಮನೆ, ವರ್ಷಕ್ಕೆ ಎರಡು ಸಲ ವಿಮಾನದಲ್ಲಿ ಹೋಗಿ ನೋಡುವ ದೂರದ ಉತ್ತಮ ಮನೆಗಿಂತ ಮೇಲು ಎಂದು ನಾನು ನಂಬುತ್ತೇನೆ. ಕನ್ನಡವನ್ನು ವಡೋದರಾದ ಮನೆಗೆ ಒಯ್ಯಬಹುದು, ಮಗಳನ್ನು ಬೆಂಗಳೂರಿಗೆ ಒಯ್ಯಲಾಗದು. ನೀರು, ಊಟ, ನೋವು, ಚಳಿ, ಬಚ್ಚಲು, ಕೂಡ್ರಿ, ಏಳ್ರಿ: ಇಪ್ಪತ್ತು ಮಾತುಗಳನ್ನು ಗುಜರಾತಿ ಲಿಪಿಯಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದರೆ ಆ ಹುಡುಗಿ ವಾರದಲ್ಲಿ ಕಲಿಯುತ್ತಾಳೆ. ಊರಿನ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಸೇರುವ ಉತ್ಸಾಹದಲ್ಲೇ ಸರದಿಯಂತೆ ವಾರಕ್ಕೊಬ್ಬರು ಹೋಗಿ ಅರ್ಧ ಗಂಟೆ ಮಾತಾಡಿ ಬಂದರೆ, ಕನ್ನಡದ ಸೇವೆ ಅದಕ್ಕಿಂತ ಬೇರೆ ಬೇಕಿಲ್ಲ. ಆಯ್ಕೆಗೆ ಒಂದು ಒರೆಗಲ್ಲು ಇಲ್ಲೇ ಸಿಗುತ್ತದೆ: ಗೋಡೆಗೆ ಆ ಕಾಗದ ಅಂಟಿಸಲು ಸಂತೋಷದಿಂದ ಒಪ್ಪುವ ಮನೆ ಒಳ್ಳೆಯದು, ‘ನಮ್ಮಲ್ಲಿ ಎಲ್ಲರಿಗೂ ಒಂದೇ ಪದ್ಧತಿ’ ಎನ್ನುವ ಮನೆಯಿಂದ ಎದ್ದು ಬರಬೇಕು.

2016ರ ಕನ್ನಡ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೆನಪಾಗುತ್ತದೆ. ಅನಂತನಾಗ್ ಅಭಿನಯಿಸಿದ ವೆಂಕೋಬರಾವ್ ಆರೈಕೆ ಕೇಂದ್ರದಲ್ಲಿದ್ದವರು. ಮಗ ಹೊರಗೆ ಕರೆದುಕೊಂಡು ಹೋದ ದಿನ ಕಾಣೆಯಾಗುತ್ತಾರೆ. ಮಗ ತಂದೆಯನ್ನು ಆಶ್ರಮಕ್ಕೆ ಸೇರಿಸಿದ್ದೇ ತಪ್ಪು ಎಂದು ಆ ಚಿತ್ರವನ್ನು ಓದಿದವರುಂಟು. ಅದರ ಶೀರ್ಷಿಕೆಯೇ ಬೇರೆ ಮಾತು ಹೇಳುತ್ತಿದೆ. ಕಾಣೆಯಾದವರ ಪ್ರಕಟಣೆಯಲ್ಲಿ ಯಾರಿಗೆ ಬೇಕಾದರೂ ಹೊಂದುವ ಆ ನಾಲ್ಕು ಪದಗಳಿಗಿಂತ ಹೆಚ್ಚಿನದು ಮಗನಿಗೆ ತಂದೆಯ ಬಗ್ಗೆ ಗೊತ್ತಿರಲಿಲ್ಲ. ಸೇರ್ಪಡೆಯ ಅರ್ಜಿ ತುಂಬುವಾಗ ನಮ್ಮೆಲ್ಲರ ಪರೀಕ್ಷೆಯೂ ಅದೇ. ರಕ್ತದ ಗುಂಪು, ಸಕ್ಕರೆ ಕಾಯಿಲೆ, ಆಧಾರ್ ಸಂಖ್ಯೆ ಬರೆಯುತ್ತೇವೆ. ಅಪ್ಪ ಯಾವ ಹಾಡಿಗೆ ತಲೆದೂಗುತ್ತಾರೆ, ಯಾವ ಊರಿನ ಹೆಸರು ಹೇಳಿದರೆ ಮುಖ ಅರಳುತ್ತದೆ, ರಾತ್ರಿ ಖಿಚಡಿ–ಕಢಿ ಮುಟ್ಟದಿದ್ದರೂ ಮೊಸರನ್ನ ಕಲಸಿಕೊಟ್ಟರೆ ಉಣ್ಣುತ್ತಾರೆ ಎಂಬುದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರುವುದಿಲ್ಲ. ಬೇರೆ ಹಾಳೆಯಲ್ಲಿ ಬರೆದುಕೊಡಬೇಕು. ಬರೆಯಲು ನಮಗೆ ಗೊತ್ತಿರಬೇಕು.

ಇಷ್ಟೆಲ್ಲ ಹಣವಿದ್ದವರ ಮಾತಾಯಿತು ಎಂಬ ಆಕ್ಷೇಪ ನ್ಯಾಯವಾದದ್ದು. ತಿಂಗಳಿಗೆ ಹತ್ತಾರು ಸಾವಿರ ತೆರುವ ಶಕ್ತಿ ಬಹುಪಾಲು ಮನೆಗಳಿಗಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಹೆತ್ತವರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆಮನೆ ವಿಧಿಸಬಹುದು ಎನ್ನುತ್ತದೆ. ಜಿಲ್ಲೆಗೊಂದಾದರೂ 150 ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ಕಟ್ಟಬಹುದು ಎಂದೂ ಅನ್ನುತ್ತದೆ. ಮಕ್ಕಳಿಗೆ ಶಿಕ್ಷೆ, ಸರ್ಕಾರಕ್ಕೆ ‘ಬಹುದು’. ಲೋಕದ ನಾಲಿಗೆಯೂ ಕಾನೂನಿನ ನಾಲಿಗೆಯೂ ಇಲ್ಲಿ ಒಂದೇ ದಿಕ್ಕಿಗೆ ಹೊರಳಿವೆ. ಬಡಾವಣೆಗೊಂದು ಹಗಲು ಆರೈಕೆ ಕೇಂದ್ರವಿದ್ದರೆ, ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವಂತಿದ್ದರೆ, ಎಷ್ಟೋ ಮನೆಗಳಿಗೆ ಪೂರ್ಣ ಆಶ್ರಮದ ಅಗತ್ಯವೇ ಬೀಳದು. ಇರುವ ಸಂಸ್ಥೆಗಳನ್ನು ಸುಧಾರಿಸುವುದೂ ಅಸಾಧ್ಯವೇನಲ್ಲ. ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಕ್ವಾಲಿಟಿ ರೈಟ್ಸ್’ ಅಳತೆಗೋಲನ್ನು 2014ರಿಂದ ಬಳಸಿ ನೋಡಿದಾಗ ಆರೈಕೆಯ ಗುಣಮಟ್ಟ ಸುಧಾರಿಸಿತು. ಹೊರಗಿನವರು ಬಾಗಿಲು ತೆಗೆಸಿ, ನೋಡಿ, ಪ್ರಶ್ನೆ ಕೇಳಿದರೆ ಸಂಸ್ಥೆಗಳು ಬದಲಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಕೇಳುವವರು ತಲೆ ಎತ್ತಿಕೊಂಡು ಹೋಗಿ ಕೇಳಬೇಕು. ನಾಚಿಕೆ ಅದಕ್ಕೇ ಅಡ್ಡ ನಿಂತಿದೆ.

ನಮ್ಮಲ್ಲಿ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಗುಜರಾತಿಗಳು ಬೀಳ್ಕೊಡುವಾಗ ‘ಆವ್ಜೋ’ ಎನ್ನುತ್ತಾರೆ. ಬನ್ನಿ ಎಂದೇ ಅದರ ಅರ್ಥ. ಆರೈಕೆ ಮನೆಯ ಗೇಟಿನಲ್ಲಿ ಅಪ್ಪನ ಕೈ ಬಿಡುವ ಹೊತ್ತಿಗೆ ‘ಹೋಗಿ ಬರ್ತೀನಪ್ಪಾ’ ಎಂದು ಹೇಳಿ, ಗುರುವಾರ ಸಂಜೆ ಮತ್ತೆ ಹೋಗಿ, ಅವರು ಗುರುತು ಹಿಡಿಯದಿದ್ದರೂ ಪಕ್ಕದಲ್ಲಿ ಕೂತು, ಆಯಾಳ ಹೆಸರು ಹಿಡಿದು ಕರೆದು ಇಂದು ಎಷ್ಟು ನೀರು ಕುಡಿದರು ಎಂದು ಕೇಳಿ ಬರುವ ಮಗನನ್ನು ‘ಹಾಕಿ ಬಂದವನು’ ಎನ್ನಲು ಯಾವ ಊರಿನ ಯಾವ ನಾಲಿಗೆಗೂ ಹಕ್ಕಿಲ್ಲ.